ಚೀಲದ ಬಾಬ್ತು

ತೋಟದಲ್ಲಿ ನನಗೆ ರೈಟರ್ ಎಂದೇ ಹೆಸರು.
ಲಿಗೋರಿ ಅನ್ನುವವರು ಸಿದ್ದಾಪುರದ ಇಗರ್ಜಿಯಲ್ಲಿ ಒಬ್ಬಿಬ್ಬರು.
ಸಂಜೆ ಕಣದಲ್ಲಿ ಮುಕ್ಕಾಲಿ ನಿಲ್ಲಿಸಿ
ತಕ್ಕಡಿ ತೂಗುಹಾಕಿದರೆ
ಕಾಫಿಹಣ್ಣಿನ ಚೀಲ ಹೊತ್ತವರ ಸಾಲು.
ಮುಳ್ಳು ನಲವತ್ತೆಂಟು ತೋರಿಸುತ್ತಿತ್ತು,
ನಾನು ನಲವತ್ತಾರು ಎಂದು ಕೂಗುತ್ತಿದ್ದೆ.
ಉಳಿದೆರಡು, ಚೀಲದ ಬಾಬ್ತು.

ಯಾರೂ ಇಲ್ಲದಾಗ ಒಮ್ಮೆ
ಖಾಲಿ ಚೀಲವನ್ನೇ ಕೊಕ್ಕೆಗೆ ಸಿಕ್ಕಿಸಿ ನೋಡಿದೆ.
ನಿದ್ದೆಯಲ್ಲಿ ಮಗ್ಗುಲಾದಷ್ಟು ಅಲುಗಿತು ಮುಳ್ಳು.
ಹನ್ನೊಂದು ಕೊಯ್ಲು ಹೀಗೆ.
ಅಕ್ಷರ ದುಂಡಗಿದೆ ಎಂದು
ದೊರೆ ಬಂದವರಿಗೆಲ್ಲ ನನ್ನ ಪುಸ್ತಕ ತೋರಿಸುತ್ತಿದ್ದರು.

ದೊರೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಬೇಕಿತ್ತು.
ಮಗಳಿಗೆ ಹಾವು ಕಚ್ಚಿದ ರಾತ್ರಿ
ಬನಿಯನ್ನಲ್ಲೇ ಜೀಪು ಹತ್ತಿ
ಮಡಿಕೇರಿವರೆಗೂ ಹಾರ್ನ್ ಒತ್ತಿದ ಕೈ ಅವರದು.
ಅವಳೀಗ ಎಂಟನೇ ಕ್ಲಾಸು.
ಉಪ್ಪುಂಡ ಮನೆ ಅನ್ನುತ್ತಾರಲ್ಲ,
ನನಗದು ಉಪ್ಪಲ್ಲ,
ಅವಳ ಉಸಿರು.

ಹಾಗಿದ್ದೂ ಅರ್ಜಿ ಬರೆದೆ. ಅದೇ ದುಂಡಗಿನ ಅಕ್ಷರ.
ಕೊಡುವ ಮುಂಚೆ ಲೈನ್ ಮನೆಗೆ ಹೋಗಿ
ಬೊಳ್ಳಿಗೆ ಓದಿ ಹೇಳಿದೆ.
ಕೈ ಮುಗಿಯುತ್ತಾಳೆ ಅಂದುಕೊಂಡಿದ್ದೆ, ಈಗ ನಾಚಿಕೆ.
ಅವಳು ಎಲೆಯಡಿಕೆ ಉಗಿದು ನಕ್ಕಳು:
"ಗೊತ್ತಿಲ್ಲವಾ ನಮಗೆ?
ಅದಕ್ಕೇ ಅಲ್ಲವಾ ಚೀಲದಡಿಗೆ ಕಲ್ಲು!"
ಒಲೆಯ ಪಕ್ಕದಿಂದ ತೆಗೆದು ನನ್ನ ಕೈಗಿಟ್ಟಳು,
ಹೊಳೆಯ ಕಲ್ಲು, ನುಣುಪು,
ಹಣ್ಣು ಸುರಿಯುವಾಗೆಲ್ಲ ಸೆರಗಿಗೆ ಜಾರಿ
ಕೊಯ್ಲಿನಿಂದ ಕೊಯ್ಲಿಗೆ ರಸ ಕುಡಿದು ಕೆಂಪಾದದ್ದು.
ಎರಡು ಕಿಲೋ. ಸರಿಯಾಗಿ.
"ನೀವು ಬಾಯಿಬಿಟ್ಟರೆ ಹೊಸ ತಕ್ಕಡಿ ಬರುತ್ತದೆ ರೈಟ್ರೇ.
ಇಲ್ಲಿಂದ ಓಡಿಸಿದರೆ ಹೊಸ ಮನೆಯೂ ಬರುತ್ತದಾ?
ಹೋಗುವುದಾದರೆ ಇದನ್ನೂ ತಕ್ಕೊಂಡು ಹೋಗಿ."

ರಾತ್ರಿಯೆಲ್ಲ ಕೂಡಿದೆ, ಕಳೆದೆ.
ಸುಳ್ಳಿಗೆ ಸುಳ್ಳು ಕಟ್ಟಿ ಸಮ ನಿಂತ ಮುಳ್ಳು,
ಅಲುಗಿಸಲು ನಾನ್ಯಾರು?
ಬೆಳಗಿನ ಜಾವ ನೆನಪಾಯಿತು,
ಈ ವರ್ಷ ಅಸ್ಸಾಮಿನಿಂದ ಬಂದ ಒಂಬತ್ತು ಹುಡುಗರು.
ಕಲ್ಲಿನ ಸಂಗತಿ ಅವರಿಗೆ ಯಾರೂ ಹೇಳಿಲ್ಲ.

ಚೆಟ್ಟಳ್ಳಿ ದಾರಿಯಲ್ಲಿ ಆನೆ ನಿಂತು
ಬಸ್ಸು ಮುಕ್ಕಾಲು ಗಂಟೆ ತಡ.
ಇಳಿದು ವಾಪಸು ನಡೆಯಬಹುದಿತ್ತು.

ಆಫೀಸರು ಪುಟ ತಿರುವಿ ಕೇಳಿದರು:
ಇದೆಲ್ಲ ಬರೆದವರು?
ನಾನೇ.
ಕೂಲಿಯವರ ಕಡೆಯಿಂದ ಮೋಸ ಏನಾದರೂ?

ತೊಡೆಯ ಮೇಲೆ, ಕೈಚೀಲದೊಳಗೆ,
ಕಲ್ಲು ತಣ್ಣಗೆ ಕೂತಿತ್ತು.

ಇಲ್ಲ, ಎಂದೆ.
ಅವರು ಬರೆದುಕೊಂಡರು.
ಅವರ ಅಕ್ಷರವೂ ದುಂಡಗೇ ಇತ್ತು.