ಹತ್ತು ಬೈ ಹನ್ನೆರಡು

ಜುಹುವಿನ ಹ್ಯಾಂಗರಿನ ಹಿಂದೆ, ತಗಡಿನ ಕೋಣೆಯಲ್ಲಿ
ಕ್ಯಾಪ್ಟನ್ ಖೋರ್ಶೆದ್ ಬಲಸಾರಾ ನಕ್ಷೆ ಹಾಸಿದಾಗ
ಹುಡುಗರೆಲ್ಲ ತಲೆ ಕೆರೆದುಕೊಂಡರು:
ಆಕಾಶಕ್ಕೂ ಗೋಡೆಯೇ?
ನನಗದು ಹೊಸದಲ್ಲ.

ಘಾಟ್‌ಕೋಪರಿನ ಚಾಳು, ಒಂದೇ ಖೋಲಿ, ಏಳು ಜನ.
'ಪಿ' ಎಂದರೆ ನಿಷಿದ್ಧ: ಅಜ್ಜಿಯ ಮಡಿ ಮೂಲೆ,
ಒದ್ದೆ ಸೀರೆಯ ಗಳುವಿನಿಂದ ನೀರಿನ ಕೊಡದವರೆಗೆ.
ಕಾರಣ ಕೇಳುವಂತಿಲ್ಲ.
'ಆರ್' ಎಂದರೆ ನಿರ್ಬಂಧ: ಅಚ್ಚುಕೂಟದ ರಾತ್ರಿಪಾಳಿ ಮುಗಿಸಿ
ಅಪ್ಪ ಮಲಗಿದ ಚಾಪೆ,
ಬೆಳಿಗ್ಗೆ ಎಂಟರಿಂದ ಎರಡರ ತನಕ ಜಾರಿ;
ಆಮೇಲೆ ಅಲ್ಲೇ ಕುಂಟೆಬಿಲ್ಲೆ ಆಡಬಹುದು.
'ಡಿ' ಅಂದರೆ ಅಪಾಯ: ಪಂಪ್ ಸ್ಟೋವು.
ಹೋಗಬೇಡ ಅಂತ ಯಾರೂ ಅನ್ನಲಿಲ್ಲ,
ಹೋದರೆ ಲಂಗ ಎತ್ತಿ ಹಿಡಿದುಕೊಂಡು ಹೋಗು, ಅಷ್ಟೆ.

ಎಲ್ಲಕ್ಕೂ ತಳ ಉಂಟು, ಮಾಡು ಉಂಟು.
ನಾನು ಅಟ್ಟದಲ್ಲಿ ಓದುತ್ತಿದ್ದೆ,
ಅಪ್ಪನ ನಿದ್ದೆಗಿಂತ ಐದಡಿ ಮೇಲೆ,
ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನೋಟಾಮೂ ಗೊತ್ತಿತ್ತು:
ಅಕ್ಕನನ್ನು ನೋಡಲು ಗಂಡಿನವರು ಬಂದ ಭಾನುವಾರ
ನಾಲ್ಕರಿಂದ ಆರು, ಇಡೀ ಖೋಲಿ ಬಂದ್.
ನಾವು ಮೂವರು ಮೆಟ್ಟಿಲ ಬಳಿ ಸುತ್ತು ಹಾಕುತ್ತ,
ಉಪ್ಪಿಟ್ಟಿನ ವಾಸನೆ. ಆರೂವರೆ. ಏಳು.
ಅವಧಿ ಮುಂದೆ ಹೋದದ್ದನ್ನು ಯಾರೂ ತಿಳಿಸಲಿಲ್ಲ.

ಕ್ಯಾಪ್ಟನ್ ಜೋರಾಗಿ ನಕ್ಕರು.
ಆಮೇಲೆ ಪೆನ್ಸಿಲ್ಲು ದಕ್ಷಿಣಕ್ಕೆ ಜಾರಿ
ಮಲಬಾರ್ ಹಿಲ್ಲಿನ ವೃತ್ತದ ಅಂಚಿಗೆ ನಿಂತಿತು.
ಅಣುಸ್ಥಾವರವಲ್ಲ, ಸೈನ್ಯವಲ್ಲ.
ಮರಗಳು. ಮೌನದ ಗೋಪುರ.
"ಅಮ್ಮ ಇಲ್ಲಿದ್ದಾಳೆ. ಮೂವತ್ತೊಂದು ವರ್ಷ ಹಾರಿದ್ದೇನೆ,
ಇದರ ಮೇಲೆ ಒಮ್ಮೆಯೂ ಇಲ್ಲ.
ರಣಹದ್ದುಗಳಿಗೆ ಬಿಟ್ಟ ದಾರಿ.
ಅವೇ ಈಗ ಬರುವುದಿಲ್ಲ."
ವೃತ್ತ ಮಾತ್ರ ಅಚ್ಚಾಗುತ್ತಲೇ ಇದೆ, ಪ್ರತಿ ಹೊಸ ನಕ್ಷೆಯಲ್ಲಿ.

ಮೇಲಿನ ಮಿತಿ ಎಷ್ಟು, ಎಂದೆ,
ಪರೀಕ್ಷೆಗೆ ಬಂದೀತೆಂದು.
ಅವರು ಕನ್ನಡಕ ಒರೆಸಿದರು.
ಪುಸ್ತಕ ತೆರೆದು ನೋಡಿ ಹೇಳಿದರು.
ಬರೆದುಕೊಂಡೆ.

ಈಗ ದಿನವೂ ತೈಲಬಾವಿಗೆ ಹೆಲಿಕಾಪ್ಟರ್ ಒಯ್ಯುತ್ತೇನೆ,
ಒಮ್ಮೊಮ್ಮೆ ಮಹಾಲಕ್ಷ್ಮಿಯ ರೇಸ್‌ಕೋರ್ಸಿಗೂ.
ಮೊನ್ನೆ ಅಲ್ಲಿಂದ ಏಳುವಾಗ
ಪಕ್ಕದ ಸೀಟಿನ ಗಡಿಬಿಡಿಯ ಮನುಷ್ಯ ವಾಚು ತಟ್ಟಿ ತೋರಿಸಿದ:
ನೇರ ಹೋದರೆ ಎರಡು ನಿಮಿಷ ಉಳಿಯುವುದಿಲ್ಲವೇ?

ದೂರದಲ್ಲಿ ಆ ಹಸಿರು.
ಕ್ಯಾಪ್ಟನ್ನೂ ಹೋದ ವರ್ಷದಿಂದ ಅಲ್ಲೇ.
ನಾನು ಓದಿದ ನಿಯಮದ ಸಂಖ್ಯೆ ನಾಲಗೆಗೆ ಬರಲಿಲ್ಲ,
ಬಂದದ್ದು ಅಜ್ಜಿಯ ಗದರಿಕೆ:
"ಮಡಿ. ಸುತ್ತು ಹಾಕಿಕೊಂಡು ಹೋಗು."
ಅವನಿಗೆ ಕನ್ನಡ ತಿಳಿಯದು. ತಲೆಯಾಡಿಸಿದ.
ಸಮುದ್ರದ ಕಡೆಗೆ ವಾಲಿಸಿದೆ.