ಮಜೂರಿ

ಮಾಲಿನ ಎರಡನೇ ಮಹಡಿ, ಗಾಜಿನ ಹಿಂದೆ ನಿಂತಿತ್ತು,
ಬೊಂಬೆಗೆ ತೊಡಿಸಿದ ಶೇರ್ವಾನಿಯಂತೆ.
ಒಳಗೆ ನೀಲಿ, ನೇರಳೆ, ಮತ್ತೆ ನೀಲಿ ದೀಪ.
ಎರಡು ಲಕ್ಷದ ಎಂಟು ಸಾವಿರ.
ಅಭ್ಯಾಸಬಲ, ಬಗ್ಗಿ ಹೊಲಿಗೆ ಹುಡುಕಿದೆ.
ಒಂದೂ ಕಾಣಲಿಲ್ಲ.

ರುಕ್ಕು ಫೋನು ತೆಗೆದು ಕೂಡಿದಳು:
ಗ್ರಾಫಿಕ್ಸ್ ಕಾರ್ಡು ಇಷ್ಟು, ಪ್ರೊಸೆಸರ್ ಇಷ್ಟು,
ಬೋರ್ಡು, ರ‍್ಯಾಮು, ಡಬ್ಬ, ಫ್ಯಾನು,
ಬಿಡಿಬಿಡಿಯಾಗಿ ತಂದರೆ ಒಂದು ಲಕ್ಷ ಅರವತ್ತು.
"ನಲವತ್ತೆಂಟು ಸಾವಿರ ಜಾಸ್ತಿ ಅಪ್ಪಾ!
ಬರೀ ಜೋಡಿಸೋದಕ್ಕೆ!"

ಬರೀ.
ಶಿವರಾಂಪೇಟೆಯ ನನ್ನ ಅಂಗಡಿಯ ಹೊಸ್ತಿಲಲ್ಲಿ
ಮೂವತ್ತೊಂದು ವರ್ಷದಿಂದ ಕೇಳಿದ ಮಾತು.
ಬಟ್ಟೆ ಮುನ್ನೂರೈವತ್ತು, ಹೊಲಿಗೆ ಐನೂರೇ?
ಬರೀ ಹೊಲಿಯೋದಕ್ಕೆ?
ಈಗ ನನ್ನ ಮಗಳ ಬಾಯಲ್ಲಿ.

ಎಸ್ಕಲೇಟರ್ ಇಳಿಯುವಾಗ ಏನೂ ಅನ್ನಲಿಲ್ಲ.
ದುಡ್ಡು ಅವಳದು. ಪಿಯುಸಿಯಿಂದ ಸಂಜೆ ಸಂಜೆ
ಫಾಲು ಹಚ್ಚಿ, ಪಿಕೋ ಹೊಡೆದು ಕೂಡಿಟ್ಟದ್ದು.
ಸೀರೆಗೆ ನೂರಿಪ್ಪತ್ತು.
ನಲವತ್ತೆಂಟು ಸಾವಿರವೆಂದರೆ ನಾನೂರು ಸೀರೆ.
ಅಂಚಿಗೆ ಅಂಚು ಸೇರಿಸಿ ಹಾಸುತ್ತ ಹೋದರೆ
ರೈಲ್ವೇ ಸ್ಟೇಷನ್ ದಾಟಿಯೂ ಇನ್ನಷ್ಟು ಉಳಿದೀತು.

ಬಿಡಿಭಾಗ ಜಬೀವುಲ್ಲಾನ ಅಂಗಡಿಯಲ್ಲಿ.
ಅವನ ಮದುವೆ ಸೂಟು ನನ್ನ ಕೈಯದೇ.
"ವಾರಂಟಿ ಒಂದೊಂದಕ್ಕೆ ಒಂದೊಂದು ಕಂಪನಿ," ಅಂದ,
"ಒಟ್ಟು ಮಿಷನ್ನಿಗೆ ಯಾರೂ ಇಲ್ಲ ನೋಡಮ್ಮ."
"ನಾನಿದ್ದೀನಲ್ಲ," ಅಂದಳು ರುಕ್ಕು.
ಅವನು ನನ್ನ ಮುಖ ನೋಡಿದ.
ನಾನು ಸೀಲಿಂಗ್ ಫ್ಯಾನು ನೋಡಿದೆ.

ಭಾನುವಾರ ಕಟಿಂಗ್ ಟೇಬಲ್ಲು ಖಾಲಿ ಮಾಡಿಕೊಟ್ಟೆ.
ಸ್ಕ್ರೂಗಳಿಗೆ ಗುಂಡಿ ಡಬ್ಬದ ಮುಚ್ಚಳ.
ಮೈಯೊಳಗಿನ ಕರೆಂಟು ಚಿಪ್ಪನ್ನು ಸುಡುತ್ತದಂತೆ;
ಸಲಸಲಕ್ಕೂ ಹೊಲಿಗೆ ಮಿಷನ್ನಿನ
ಕಬ್ಬಿಣದ ಕಾಲು ಮುಟ್ಟಿ ಬರುತ್ತಿದ್ದಳು.
ನಮ್ಮಪ್ಪನ ಕಾಲದ ಮಿಷನ್ನು.
ನಮಸ್ಕಾರವೆಂದೇ ಲೆಕ್ಕ ಹಾಕಿಕೊಂಡೆ.

ಪ್ರೊಸೆಸರಿನ ಮೇಲೆ ಬೂದು ಲೇಪ, ಅವರೆಕಾಳಿನಷ್ಟು.
ಹೆಚ್ಚಾದರೂ ತಪ್ಪು, ಕಮ್ಮಿಯಾದರೂ ತಪ್ಪು.
ಉಸಿರು ಬಿಗಿಹಿಡಿದಿದ್ದಳು.
ಗಿರಾಕಿಯ ರೇಷ್ಮೆಗೆ ಕತ್ತರಿ ಇಡುವಾಗ
ನನ್ನದೂ ಅಲ್ಲೇ ನಿಲ್ಲುತ್ತದೆ.

ಒಂದು ಸ್ಕ್ರೂ ಜಾರಿತು. ಗುಂಡುಸೂಜಿ ಹೆಕ್ಕುವ
ಅಯಸ್ಕಾಂತ ತಂದರೆ "ಹತ್ರ ತರ್ಬೇಡಪ್ಪಾ!" ಎಂದು ಚೀರಿದಳು.
ನೆಲದ ಮೇಲೆ ತೆವಳಿದೆ, ಈ ಮಂಡಿಯಲ್ಲಿ.
ಪೆಡಲ್ಲಿನ ಕೆಳಗೆ, ಚೂರುಬಟ್ಟೆಯ ನಡುವೆ ಸಿಕ್ಕಿತು.

ರಾತ್ರಿ ಹತ್ತೂವರೆಗೆ ಸ್ವಿಚ್ಚು ಒತ್ತಿದಳು.
ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು.
ಮತ್ತೆ ಒತ್ತಿದಳು. ಕಪ್ಪಗೇ.
ಅಳಲಿಲ್ಲ. ಕೆಳತುಟಿ ಕಚ್ಚಿ
ಒಂದೊಂದೇ ಬಿಚ್ಚತೊಡಗಿದಳು, ಎರಡೂವರೆವರೆಗೆ.
ತೋಳು ಅದಲುಬದಲಾದ ಜುಬ್ಬ ಬಿಚ್ಚುವುದು
ಹೊಲಿಯುವುದಕ್ಕಿಂತ ನಿಧಾನದ ಕೆಲಸ;
ಅದನ್ನು ಯಾವ ಬಿಲ್ಲಿನಲ್ಲೂ ಬರೆದವನಲ್ಲ ನಾನು.
ಕೊನೆಗೆ ನೋಡಿದರೆ ರ‍್ಯಾಮಿನ ಪಟ್ಟಿಯೊಂದು
ಪೂರ್ತಿ ಕೂತಿರಲಿಲ್ಲ, ಅಷ್ಟೇ.
ಟಿಕ್ ಎಂದಿತು, ಪ್ರೆಸ್ ಬಟನ್ನಿನ ಹಾಗೆ.

ನೀಲಿ ನೇರಳೆ ದೀಪ ಹಾಕಿಸಿರಲಿಲ್ಲ ಅವಳು, ದುಡ್ಡು ದಂಡವೆಂದು.
ಪರದೆಯ ಬೆಳಕಷ್ಟೇ ಮೂಗಿನ ಮೇಲೆ.
ಆಮೇಲೆ ಬೆಳಗಿನವರೆಗೂ ಗುಂಡಿನ ಸದ್ದು.

ಅಂಗಡಿಯ ಬಾಗಿಲೆತ್ತುವಾಗ ಕೇಳಿದಳು,
ಹಿಡಿದುಕೊಂಡ ಕತ್ತು ನೀವಿಕೊಳ್ಳುತ್ತ:
"ಮಾಲಿನವರದು ಪೂರ್ತಿ ಮೋಸ ಏನಲ್ಲ, ಅಲ್ವಾಪ್ಪಾ?"
"ಹದಿನೈದು ಸಾವಿರ ಮಜೂರಿ," ಅಂದೆ.
"ಮಿಕ್ಕಿದ್ದು ಗಾಜಿನದು."

ಹತ್ತು ಗಂಟೆಗೆ ವಾರಿಜಮ್ಮ ಬಂದರು,
ಬ್ಲೌಸಿನ ಬಟ್ಟೆ ಪರ್ಸಿನೊಳಗೆ ಮಡಚಿಟ್ಟುಕೊಂಡು.
"ಲೈನಿಂಗ್ ಹಾಕಿದರೆ ಆರುನೂರೇ?
ಬರೀ ಒಂದು..."

ರುಕ್ಕು ತಲೆ ಎತ್ತಲಿಲ್ಲ.
ಹಲ್ಲಿನಲ್ಲಿ ದಾರ ಕಡಿದು
"ಆರುನೂರೈವತ್ತು," ಅಂದಳು.