ಹತ್ತು ಅಂಕದ ಪ್ರಶ್ನೆ

ಇನ್ಸ್‌ಪೆಕ್ಟರ್ ಹಾಲಸ್ವಾಮಿ ಮೇಜಿನ ಮೇಲೆ ಇಟ್ಟದ್ದು
ಒಂದು ಕರಪತ್ರದ ಜೆರಾಕ್ಸು, ಒಂದು ಉತ್ತರಪತ್ರಿಕೆ.
'ಎರಡೂ ಒಂದೇ ಕೈ ಏನ್ರೀ ಮೇಷ್ಟ್ರೆ, ನೋಡಿ ಹೇಳಿ.'
ಸ್ಟಾಫ್ ರೂಮಿನ ಕಿಟಕಿಗೆ
ಮಂಡಕ್ಕಿ ಭಟ್ಟಿಯ ಹೊಗೆ ಬಂದು ನಿಂತಿತ್ತು.

ಉತ್ತರಪತ್ರಿಕೆ ನನಗೆ ಗೊತ್ತು. ಎರಡನೇ ಬಿ.ಎ., ಕಿರುಪರೀಕ್ಷೆ,
ಪ್ರಶ್ನೆ ಹನ್ನೊಂದು: ರಾಜಕೀಯ ಭಯೋತ್ಪಾದನೆಯ ಕಾರಣಗಳನ್ನು ವಿವರಿಸಿ.
ಬಡತನ, ನಿರುದ್ಯೋಗ, ಅವಮಾನ, ಹೊರಗಿನ ಹಣ,
ಒಂದೊಂದರ ಕೆಳಗೂ ಸ್ಕೇಲಿಟ್ಟು ಗೆರೆ ಎಳೆದಿದ್ದ.
ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ.
ಒಂದು ಅಂಕ ಕಳೆದದ್ದು ಕಾಗುಣಿತಕ್ಕೆ:
ಶತ್ರು ಎಂದು ಬರೆಯುವಲ್ಲೆಲ್ಲ ಶತೃ ಎಂದಿದ್ದ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ.
ಬರೆದರೆ, ಕಾರಣ ಸಿಕ್ಕಿತೆಂದು
ನೀವು ಓದು ನಿಲ್ಲಿಸುತ್ತೀರಿ.

ಅಪ್ಪ ಮಿಲ್ಲಿನಲ್ಲಿದ್ದ. ಮಿಲ್ಲು ಮುಚ್ಚಿತು.
ಸರಿ. ದಾವಣಗೆರೆಯ ಸಾವಿರಾರು ಮನೆಗೆ ಮುಚ್ಚಿತು.
ಅವರ ಮಕ್ಕಳು ಆಟೋ ಓಡಿಸಿದರು, ದೋಸೆ ಹುಯ್ದರು,
ಕುಡಿದರು, ಎಲ್.ಐ.ಸಿ. ಏಜೆಂಟರಾದರು.
ಬಸ್ ಸ್ಟ್ಯಾಂಡಿನಲ್ಲಿ ಆ ಬ್ಯಾಗನ್ನು ಪಕ್ಕಕ್ಕೆ ಸರಿಸಹೋಗಿ
ಬಲಗೈ ಕಳಕೊಂಡ ಹಮಾಲಿಯ ಅಪ್ಪನದೂ
ಅದೇ ಮಿಲ್ಲು, ಅದೇ ಪಾಳಿ.
ಗೈಡಿನ ಪ್ರಕಾರ ಇಬ್ಬರಿಗೂ ಎರಡೆರಡು ಅಂಕ.

ಗೈಡಿನಲ್ಲಿ ಇಲ್ಲದವನು ಒಬ್ಬನಿದ್ದಾನೆ:
ಲೈಬ್ರರಿ ಮುಚ್ಚುವ ಹೊತ್ತಿಗೆ ಗೇಟಿನಾಚೆ ಬೈಕು ನಿಲ್ಲಿಸಿಕೊಂಡು
'ಊಟ ಆಯ್ತೇನೋ ತಮ್ಮಾ' ಎಂದು ಕೇಳಿದವನು;
ಕೇಳಿ, ಉತ್ತರಕ್ಕಾಗಿ ನಿಂತವನು.
ಮೊದಲು ಗೆಳೆತನ, ಆಮೇಲೆ ವಾರಕ್ಕೊಂದು ಮಾತುಕತೆ,
ಆಮೇಲೆ ಒಂದು ಸಣ್ಣ ಗುಟ್ಟು, ಇಟ್ಟುಕೋ, ಯಾರಿಗೂ ಹೇಳಬೇಡ.
ನಂಬಿಕೆ ಬಂದದ್ದು ಕಟ್ಟಕಡೆಗೆ,
ಮದುವೆ ಮುಗಿದ ಮೇಲೆ ಬರುವ ನೆಂಟನ ಹಾಗೆ.

ಒಂದು ಮಧ್ಯಾಹ್ನ ನನ್ನ ಹತ್ತಿರವೂ ಬಂದಿದ್ದ.
'ಸರ್, ಅವಮಾನ ಅಂತ ಬರೆದೆನಲ್ಲ, ಅದನ್ನ ವಿವರಿಸೋದು ಹೇಗೆ?'
'ಎರಡು ಸಾಲು ಸಾಕು,' ಅಂದೆ. ವ್ಯಾಲ್ಯುಯೇಷನ್ನಿಗೆ ಹೊರಟಿದ್ದೆ,
ಶಿವಮೊಗ್ಗದ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು.
ಇದೇ ಕಾರಣ ಎಂದರೆ ನನ್ನದು ಜಂಬವಾದೀತು.
ಬಸ್ಸಂತೂ ಅರ್ಧ ಗಂಟೆ ತಡವಾಗಿ ಬಂತು.

'ಹೇಳಿ ಮೇಷ್ಟ್ರೆ,' ಹಾಲಸ್ವಾಮಿ ಟೀ ಲೋಟ ಕೆಳಗಿಟ್ಟರು.
ಕರಪತ್ರ ಎತ್ತಿಕೊಂಡೆ. ಅದೇ ಬಾಗಿದ ಲ, ಅದೇ ಎಡ ಅಂಚು.
ಆ ಪದ ಏಳು ಸಲ ಬಂದಿದೆ.
ಏಳು ಸಲವೂ ತಕಾರಕ್ಕೆ ರ ಒತ್ತು, ಕೊಂಬು,
ನಾನು ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟ ಹಾಗೆಯೇ.
ಒಂದೂ ತಪ್ಪಿಲ್ಲ.